ಅಣ್ಣನ ಜಾಗ

ಧಪ್, ಧಪ್, ಆಮೇಲೆ ತಡವಾಗಿ ಇನ್ನೊಂದು ಧಪ್. ತಗಡಿನ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ನನ್ನ ಯಜಮಾನರು ಕುಣಿಯಲು ಕಲಿಯುತ್ತಿದ್ದ ಸದ್ದು ಅದು. ಮೂರನೆಯ ಹೆಜ್ಜೆ ಯಾವಾಗಲೂ ಲೇಟು.

ಭೂಕಂಪದಲ್ಲಿ, ಮರಾಠಿ ಸೀಮೆಯ ಮಾಕಣಿ ಕಡೆಯ ನಮ್ಮ ಹಳ್ಳಿಯ ಮನೆ ಬಿತ್ತು. ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಗೋಡೆಯಡಿ ಹೋದರು. ಯಜಮಾನರಿಗೆ ಉಮರಗಾ ಪೋಸ್ಟ್ ಆಫೀಸಿನಲ್ಲಿ ಕ್ಲರ್ಕ್ ಕೆಲಸ, ನಾವು ಅಲ್ಲಿದ್ದುದರಿಂದ ಉಳಿದೆವು. ಆಮೇಲೆ ಅತ್ತೆಯನ್ನು ಒಬ್ಬರನ್ನೇ ಬಿಡಲಾಗದೆ ಮನೆ ಕಳೆದುಕೊಂಡವರಿಗಾಗಿ ಊರಹೊರಗೆ ಹಾಕಿದ್ದ ಶೆಡ್ಡುಗಳ ಸಾಲಿಗೆ ಬಂದು ಸೇರಿದೆವು.

ವರ್ಷಕ್ಕೊಮ್ಮೆ ಹಳ್ಳಿಯ ಜಾತ್ರೆಯಲ್ಲಿ ಬೀರಪ್ಪ ದೇವರ ಮುಂದೆ ಡೊಳ್ಳಿನ ಸುತ್ತ ಗಂಡಸರು ಎರಡೂ ಕೈಯಲ್ಲಿ ದಸ್ತಿ ಎಂಬ ಕೈವಸ್ತ್ರ ಬೀಸುತ್ತ ಕುಣಿಯುತ್ತಾರೆ. ಆ ಸುತ್ತಿನಲ್ಲಿ ಮನೆಗೊಂದು ಜಾಗ. ನಮ್ಮ ಮನೆಯ ಜಾಗದಲ್ಲಿ ನಿಲ್ಲುತ್ತಿದ್ದವರು ಭಾವ. ಒಂದು ವರ್ಷ ಯಾರೂ ನಿಲ್ಲದಿದ್ದರೆ ಅಕ್ಕಪಕ್ಕದವರು ಸರಿದು ಕೂಡಿಕೊಳ್ಳುತ್ತಾರೆ. ಆಮೇಲೆ ಆ ಮನೆಗೆ ಜಾಗವಿಲ್ಲ.

"ಹಿರಿಮಗನ್ನ ಮಣ್ಣ ನುಂಗ್ತು. ಅವನ ಜಾಗಾನೂ ನುಂಗಬೇಕೇನ?" ಎಂದರು ಅತ್ತೆ.

"ನಂಗ ಆಗೂದಿಲ್ಲ ಯವ್ವಾ. ಮಂದಿ ನೋಡ್ತಾರ."

"ಮಂದಿ ನೋಡ್ಲಿ ಅಂತನ ಕುಣಿಯೂದು. ನಾಚಿಕಿ ಬಂದ್ರ ನೀ ಕಣ್ಣ ಮುಚ್ಕೋ."

ಯಜಮಾನರು ಎಷ್ಟು ಶೈ ಎಂದರೆ, ಮದುವೆಯಲ್ಲಿ ಒಗಟು ಕಟ್ಟಿ ನನ್ನ ಹೆಸರು ಹೇಳುವ ಸರದಿ ಬಂದಾಗ ನೀರು ಕುಡಿದು ಬರುತ್ತೇನೆಂದು ಎದ್ದು ಹೋದವರು ಊಟದ ಪಂಕ್ತಿಗೇ ಬಂದದ್ದು. ಅಂಥವರು ತಾಯಿಯ ಮುಖ ನೋಡಿ ಹೂಂ ಅಂದರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು; ಡೊಳ್ಳಿನ ಹೆಜ್ಜೆ ನನಗೇನು ಗೊತ್ತು? ಅತ್ತೆ ಮೊಣಕಾಲ ಮೇಲೆ ತಾಳ ಹಾಕುವರು, ನಾನು ಸಿಸ್ಟರ್ ಕಲಿಸಿದ ಡ್ರಿಲ್ಲಿನ ಹಾಗೆ ಒನ್, ಟೂ, ತ್ರೀ, ಟರ್ನ್ ಎನ್ನುವೆ.

"ಚಿನ್ ಅಪ್ ರೀ! ಶೋಲ್ಡರ್ಸ್ ಬ್ಯಾಕ್!"

"ಇದೇನ ಪರೇಡ್ ಏನ? ಬೀರಪ್ಪಗ ಸೆಲ್ಯೂಟ್ ಹೊಡೀಲೇನ?" ಎಂದು ಗೊಣಗುವರು.

ಒಂದು ರವಿವಾರ ಮಧ್ಯಾಹ್ನ ಅದೇನು ಧೈರ್ಯ ಬಂತೋ, ಟರ್ನಿಗೆ ಜಿಗಿದೇಬಿಟ್ಟರು. ಶೆಲ್ಫಿನ ಸ್ಟೀಲ್ ತಾಟುಗಳು ಗಲಗಲ ಎಂದು ಕೆಳಗೆ ಬಿದ್ದವು. ಎರಡು ಮನೆಗಳ ನಡುವಿನ ತಗಡು ನಡುಗಿತು. ಪಕ್ಕದ ಅಜ್ಜಿ ಗಾಬರಿಯಲ್ಲಿ ಮರಾಠಿಯಲ್ಲೇ ಕೂಗಿಕೊಂಡಳು: "ಭೂಕಂಪ ಆಲಾ! ಬಾಹೇರ ಯಾ!"

ಇಡೀ ಸಾಲೇ ಹೊರಗೆ ಓಡಿತು. ಆ ಕೂಗಿಗೆ ಯಜಮಾನರೂ ತಾಯಿಯನ್ನು ಎತ್ತಿಕೊಂಡು ಓಡಿದರು, ಹಿಂದೆ ನಾನು. ಬಿಸಿಲಲ್ಲಿ ಎಲ್ಲರೂ ಉಸಿರು ಹಿಡಿದು ನಿಂತೆವು. ನೆಲ ಅಲುಗಲಿಲ್ಲ. ನಿಧಾನವಾಗಿ ಒಬ್ಬೊಬ್ಬರ ಕಣ್ಣೂ ಯಜಮಾನರ ಕೈಯಲ್ಲಿದ್ದ ಕೆಂಪು ದಸ್ತಿಗಳ ಮೇಲೆ ಬಿತ್ತು.

"ಏನ್ರೀ ಪೋಸ್ಟ್ ಸಾಹೇಬ್ರ, ಭೂಕಂಪಕ್ಕ ಝಂಡಾ ತೋರ್ಸಲಿಕತ್ತೀರೇನ?" ಎಂದಳು ಅಜ್ಜಿ.

"ಭೂಮಿ ಅಲ್ಲವ್ವಾ, ನನ್ನ ಮಗಾ ಕುಣಿಲಿಕತ್ಯಾನ!" ಎಂದರು ಅತ್ತೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಭಾವ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಇವರು ಒಳಗೆ ಓಡಿಹೋಗಿ ಇನ್ನೆಂದೂ ದಸ್ತಿ ಮುಟ್ಟುವುದಿಲ್ಲ ಎಂದುಕೊಂಡೆ. ಆದರೆ ತಾಯಿಯನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕೌಂಟ್ ಎಲ್ಲೀತನಾ ಬಂದಿತ್ತು?" ಎಂದರು. ಅಂದಿನಿಂದ ಪ್ರಾಕ್ಟೀಸ್ ಬಯಲಲ್ಲೇ.

ಆ ವರ್ಷ ಭಾವನ ಜಾಗದಲ್ಲಿ ನಿಂತರು. ಟು ಬಿ ಆನೆಸ್ಟ್, ಚೆನ್ನಾಗಿ ಕುಣಿಯಲು ಅವರಿಗೆ ಕೊನೆಯವರೆಗೂ ಬರಲಿಲ್ಲ. "ನಿಮ್ಮಣ್ಣ ನವಿಲ ಕುಣ್ದಂಗ ಕುಣೀತಿದ್ದ, ನೀವು ಬಸ್ ತಪ್ಪಿದಂಗ ಓಡ್ತೀರಿ" ಎಂದು ಡೊಳ್ಳಿನವರು ನಗುತ್ತಿದ್ದರು. ಆದರೂ ಒಂದು ವರ್ಷವೂ ತಪ್ಪಿಸಲಿಲ್ಲ. ಅತ್ತೆ ತೀರಿಕೊಂಡ ಮೇಲೂ, ರಿಟೈರ್ ಆಗಿ ನಾವು ಉದಗೀರಕ್ಕೆ ಬಂದು ನೆಲೆಸಿದ ಮೇಲೂ ಹೋಗಿಬರುತ್ತಿದ್ದರು.

ಕೊನೆಯ ವರ್ಷ ಡಾಕ್ಟರು ಹಾರ್ಟ್ ವೀಕ್ ಇದೆ, ಕುಣಿಯಬೇಡಿ ಎಂದಿದ್ದರು.

"ಪ್ಲೀಸ್, ಹೋಗಬ್ಯಾಡ್ರಿ" ಎಂದೆ.

"ಕುಣಿಯೂದಿಲ್ಲ. ಜಾಗಾದಾಗ ನಿಂತು ಬರ್ತೀನಿ, ಅಷ್ಟ."

ನಿಂತರೋ ಕುಣಿದರೋ, ಅಲ್ಲಿದ್ದವರು ನನಗೆ ಸರಿಯಾಗಿ ಹೇಳಲಿಲ್ಲ. ಸುತ್ತು ಮುಗಿದ ಮೇಲೆ ಬೇವಿನ ನೆರಳಲ್ಲಿ ಕುಳಿತರಂತೆ, ಕುಳಿತಲ್ಲೇ ಹೋದರಂತೆ. ಮನೆಗೆ ತಂದ ಮೇಲೆ ಮುಖ ನೋಡಿದೆ, ಆದರೆ ಅದನ್ನು ನಾನು ನೋಡಿದ್ದೆಂದು ಎಣಿಸುವುದಿಲ್ಲ.

ನಾನು ಅವರನ್ನು ಕೊನೆಗೆ ನೋಡಿದ್ದು ಹಿಂದಿನ ದಿನ ಬೆಳಿಗ್ಗೆ, ಉದಗೀರ ಬಸ್ ಸ್ಟ್ಯಾಂಡಿನಲ್ಲಿ. ನಿಲಂಗಾ ಮೇಲೆ ಹೋಗುವ ಉಮರಗಾ ಬಸ್ಸು. ಅವರಿಗೆ ಆಚೆ ಬದಿಯ ಸೀಟು ಸಿಕ್ಕಿತ್ತು. ಬಸ್ಸಿನ ಮೈ ತಟ್ಟಿದೆ, ಕೇಳಿಸಲಿಲ್ಲ. ಪಕ್ಕದಲ್ಲಿ ಕುಳಿತ, ಗುರುತೇ ಇಲ್ಲದ ಯಾರಿಗೋ ಎರಡೂ ಕೈ ಎತ್ತಿ ಟರ್ನ್ ಹೇಗೆ ತೆಗೆದುಕೊಳ್ಳಬೇಕೆಂದು ತೋರಿಸುತ್ತಿದ್ದರು.