ಬಿಳಿ ಕೊಂಬೆ ಉಳಿಸಿದ ದಿನ

ಮಾವನವರ ಕೈಯಿಂದ ನಾನು ಕತ್ತರಿ ಹೇಗೆ ತೆಗೆದುಕೊಂಡೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಹೇಳಿಕೆಗಳಿವೆ. ಸಾವಕಾಶವಾಗಿ ಕೇಳಿದೆ, ಅವರೇ ಕೊಟ್ಟರು ಎಂಬುದು ನನ್ನ ನೆನಪು. ಇಸಿದುಕೊಂಡೆ ಎಂದು ನನ್ನದೇ ದಿನಚರಿ ಹೇಳುತ್ತದೆ. ಕಸಿದುಕೊಂಡೆ ಎನ್ನುತ್ತಾರೆ ಅತ್ತೆ. ಮಾವನವರನ್ನು ಕೇಳುವ ಹಾಗಿಲ್ಲ.

ನಮ್ಮದು ಕಾಗವಾಡದಿಂದ ಐನಾಪುರದ ಕಡೆ ಹೋಗುವ ದಾರಿಯಲ್ಲಿನ ತೋಟದ ಮನೆ. ಮೂರು ಕಡೆ ದ್ರಾಕ್ಷಿ ಬಾಗ, ಒಂದು ಕಡೆ ಕಬ್ಬು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಈ ಮನೆಗೆ ಸೊಸೆಯಾಗಿ ಬಂದೆ. ಬಂದ ಎರಡನೆಯ ವರ್ಷ ಸಾಂಗಲಿಯ ನರ್ಸರಿಯೊಂದರಿಂದ ಫೈಕಸ್ ಸಸಿ ತಂದೆ. ಎಲೆಯ ನಡುವೆ ಹಸಿರು, ಅಂಚಿಗೆ ಕೆನೆಯಂಥ ಬಿಳಿ. ಅದನ್ನು ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೆಟ್ಟು, ಬೇರು ಕತ್ತರಿಸಿ, ಕೊಂಬೆಗಳಿಗೆ ತಂತಿ ಸುತ್ತಿ ಬಾಗಿಸಿ ಹನ್ನೊಂದು ವರ್ಷ ಬೋನ್ಸಾಯ್ ಮಾಡಿ ಬೆಳೆಸಿದೆ. ಎತ್ತರ ಒಂದೂವರೆ ಅಡಿ ದಾಟಲಿಲ್ಲ.

ಇಂಥ ಗಿಡದಲ್ಲಿ ಆಗಾಗ ಬರೀ ಹಸಿರೆಲೆಯ ಚಿಗುರು ಒಡೆಯುತ್ತದೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿ ಹಸಿರಿಗೆ ಹೆಚ್ಚು. ಬಿಟ್ಟರೆ ಅದೇ ಜೋರಾಗಿ ಬೆಳೆದು ಬಿಳಿ ಅಂಚಿನ ಕೊಂಬೆಗಳನ್ನು ಸೊರಗಿಸಿಬಿಡುತ್ತದೆ. ಹಾಗಾಗಿ ಹಸಿರು ಚಿಗುರು ಕಂಡಕೂಡಲೇ ಬುಡಕ್ಕೆ ಕತ್ತರಿಸಬೇಕು. ಚೆನ್ನಾಗಿ ಬೆಳೆಯುವುದನ್ನು ತೆಗೆದು ಬಡಕಲನ್ನು ಉಳಿಸುವ ಕೆಲಸ. ಮಾವನವರಿಗೆ ಇದಕ್ಕಿಂತ ಹುಚ್ಚು ಕೆಲಸ ಇನ್ನೊಂದು ಕಂಡಿರಲಿಕ್ಕಿಲ್ಲ.

“ಏನ ಬೇ, ಇಷ್ಟ ದೊಡ್ಡ ಬಾಗ ಐತಿ, ನೀ ತಾಟಿನ್ಯಾಗ ಗಿಡಾ ಬೆಳಸ್ತಿ? ನೀರ ಚಮಚಾದ್ಲೆ ಹಾಕತೀ ಏನ?”

“ಹಿಂಗ ಇರಬೇಕ್ರಿ ಮಾವಾರ ಇದು.”

“ಕೇವಡಾ ಬಿದ್ದೈತಿ ಇದಕ್ಕ. ಬಿಳೀದ ಎಲ್ಲಾ ತಗದ ಒಗಿ, ಮ್ಯಾಲ ಏಳತೈತಿ ನೋಡ.”

ಕಬ್ಬಿನ ಎಲೆ ಸತ್ವ ಸಾಲದೆ ಬೆಳ್ಳಗಾದರೆ ನಮ್ಮ ಕಡೆ ಕೇವಡಾ ಎನ್ನುತ್ತಾರೆ. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು. ಸುತ್ತಲಿನ ಊರಿನವರು ದ್ರಾಕ್ಷಿ ಚಾಟನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ, ಅವರನ್ನೇ ಕರೆಯುತ್ತಿದ್ದರು. ಹರೆಯದಲ್ಲಿ ತಾಸಗಾವ ಕಡೆಯ ಆಳುಗಳಿಂದ ಕಲಿತ ವಿದ್ಯೆ ಅದು. ಅದಕ್ಕೇ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣುಗಳನ್ನು ಮರಾಠಿಯಲ್ಲಿ ಎಣಿಸುತ್ತಿದ್ದರು. ಏಕ, ದೋನ, ತೀನ, ಅಲ್ಲಿಗೆ ಕತ್ತರಿ.

ನಾಲ್ಕು ವರ್ಷದ ಹಿಂದೆ ಅಕ್ಟೋಬರಿನಲ್ಲಿ, ಎಂಟು ದಿನ ಮೊದಲು ತಾವೇ ಚಾಟನಿ ಮಾಡಿದ್ದ ಸಾಲಿಗೆ ಮತ್ತೆ ಹೋಗಿ, ಕಣ್ಣು ಒಡೆಯುತ್ತಿದ್ದ ಕಡ್ಡಿಗಳನ್ನೆಲ್ಲ ಬುಡಕ್ಕೇ ಕತ್ತರಿಸಿದರು. ಆ ಸಾಲಿಗೆ ಆ ವರ್ಷ ಹಣ್ಣೇ ಇಲ್ಲ. ಮಿರಜದ ಡಾಕ್ಟರು ಮಿದುಳಿನ ಚಿತ್ರ ತೆಗೆಸಿ, ಮರೆವು ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದರು. ನನ್ನ ಗಂಡ ಕತ್ತರಿಗಳನ್ನೆಲ್ಲ ಪಂಪಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದರು.

“ಅದೂ ಇಲ್ಲಂದ್ರ ಅವರ ಕೈಯಾಗ ಏನ ಉಳೀತ್ರಿ?” ಎಂದು ನಾನು ಜಗಳ ತೆಗೆದೆ.

“ಮತ್ತ ಬಾಗೆಲ್ಲಾ ಕಡದ ಒಗೀಲೇನ? ಅಷ್ಟ ಕಾಳಜಿ ಇದ್ರ ನಿನ್ನ ಗಿಡಾ ಕೊಡ.”

ಕೊಟ್ಟೆ. ಕನಿಕರದಿಂದ ಕೊಟ್ಟೆನೋ ಗಂಡನ ಮಾತಿಗೆ ಸೋಲಬಾರದೆಂದು ಕೊಟ್ಟೆನೋ, ಈಗ ಆಣೆ ಮಾಡಿ ಹೇಳಲಾರೆ.

ದಿನಾ ಚಹಾ ಆದ ಮೇಲೆ ಕಟ್ಟೆಯ ಮೇಲೆ ಅವರ ಮುಂದೆ ತಟ್ಟೆ ಇಡುತ್ತಿದ್ದೆ, ಪಕ್ಕದಲ್ಲಿ ನನ್ನ ಸಣ್ಣ ಕತ್ತರಿ. ನನ್ನನ್ನು ಯಾರೋ ಮಾಸ್ತರಬಾಯಿ ಎಂದುಕೊಳ್ಳುತ್ತಿದ್ದ ಮನುಷ್ಯ, ಬೆರಳು ಕತ್ತರಿಯ ಉಂಗುರದೊಳಗೆ ಹೋದಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತುಬಿಡುತ್ತಿದ್ದರು. ಎಣಿಸುವುದು, ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸುವುದು, ಎಲ್ಲ ಮೊದಲಿನಂತೆ. ಗಿಡದ ಮೇಲೆ ನಾನು ಹಿಂದೆ ಕತ್ತರಿಸಿದ್ದ ಗಾಯವೊಂದನ್ನು ಸವರಿ, “ಯಾಂವ ಮಾಡ್ಯಾನಲೇ ಇದನ್ನ? ಹಲ್ಲೀಲೆ ಕಡದಾನ ಏನ?” ಎಂದು ಬೈದರು. ಅಂಥ ದಿನ ತಾವೇ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದರು. ಒಮ್ಮೆ ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಬಂದರು. “ಹೆಸರ ಹಿಡದ ಕರದ್ರ ಬೇ ನನ್ನ! ಲಗ್ನ ಆದಾಗಿಂದ ಒಮ್ಮೀನೂ ಕರದಿದ್ದಿಲ್ಲ.”

ಆದರೆ ಅವರು ಕತ್ತರಿಸುತ್ತಿದ್ದದ್ದು ಬಿಳಿಯನ್ನು. ಹುಡುಕಿ ಹುಡುಕಿ ಬಿಳಿ ಅಂಚಿನ ಕೊಂಬೆಗಳನ್ನೇ ತೆಗೆಯುತ್ತಿದ್ದರು. ಸರಿದೂಗಿಸಲು ನಾನು ಮಧ್ಯಾಹ್ನ ಹಸಿರು ಚಿಗುರು ತೆಗೆಯುತ್ತಿದ್ದೆ. ಎರಡೂ ಕಡೆಯಿಂದ ಕತ್ತರಿಸಿದರೆ ಗಿಡ ಬದುಕುವುದಿಲ್ಲವೆಂದು ಕಂಡಾಗ ನಾನೇ ನಿಲ್ಲಿಸಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಗಿಡ ದಟ್ಟ ಹಸಿರಾಗಿತ್ತು. ಎಡಗಡೆ ಕೆಳಗೆ, ನಾನು ಮೊಟ್ಟಮೊದಲು ತಂತಿ ಸುತ್ತಿದ್ದ ಒಂದು ಕೊಂಬೆ ಮಾತ್ರ ಬಿಳಿ ಅಂಚು ಇಟ್ಟುಕೊಂಡಿತ್ತು. ಅದು ಹೋದರೆ ಆ ಬಣ್ಣ ಆ ಗಿಡಕ್ಕೆ ಮತ್ತೆ ಬರುವ ಭರವಸೆ ಇರಲಿಲ್ಲ.

ಒಂದು ಬೆಳಿಗ್ಗೆ ಅವರ ಕತ್ತರಿ ಆ ಕೊಂಬೆಯ ಬುಡಕ್ಕೆ ಬಂತು. ನಾನು ಎದುರಿಗೇ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. “ಮಾವಾರ, ಇಲ್ಲಿ ಕೊಡ್ರಿ” ಎಂದದ್ದು ನೆನಪಿದೆ. ಮೃದುವಾಗಿ ಎಂದೆ ಎಂಬುದೂ ನೆನಪಿದೆ. ಆದರೆ ಅವರ ಹೆಬ್ಬೆರಳಿನ ಗೆಣ್ಣು ಉಂಗುರದಲ್ಲಿ ಸಿಕ್ಕಿಕೊಂಡದ್ದು, ಅದನ್ನು ನಾನು ತಿರುಗಿಸಿ ಬಿಡಿಸಿದ್ದು ಕೂಡ ನನ್ನ ಕೈಗೆ ನೆನಪಿದೆ. ಅವರೇ ಕೊಟ್ಟಿದ್ದರೆ ಬೆರಳು ಬಿಡಿಸುವ ಕೆಲಸ ಎಲ್ಲಿಂದ ಬಂತು?

“ಕಸ್ಗೊಂಡಿ ನೀ. ನಾ ನೋಡೇನಿ,” ಎಂದರು ಅತ್ತೆ. “ನನ್ನ ಮಗಾ ಬಾಗದ ಸಲುವಾಗಿ ಮಾಡಿದ. ನೀ ತಾಟಿನ್ಯಾಗಿನ ಗಿಡದ ಸಲುವಾಗಿ ಮಾಡಿದಿ.”

ಆ ದಿನದ ದಿನಚರಿಯನ್ನು ಮತ್ತೆ ತೆಗೆದು ನೋಡಿದ್ದೇನೆ. ಕತ್ತರಿ ಇಸಿದುಕೊಂಡೆ, ಕೊಂಬೆ ಉಳಿಯಿತು ಎಂದಿದೆ. ಮುಂದೆ ನಾಲ್ಕು ಸಾಲು, ಕೊಂಬೆಯಲ್ಲಿ ಎಷ್ಟು ಎಲೆ, ಅದಕ್ಕೆ ಬಿಸಿಲು ಎಷ್ಟು ಬೇಕು ಎಂದು. ಮಾವನವರು ಆಮೇಲೆ ಏನು ಮಾಡಿದರೆಂದು ಒಂದು ಅಕ್ಷರವಿಲ್ಲ.

ಅವರು ಏನೂ ಮಾಡಲಿಲ್ಲ ಎಂದುಕೊಂಡಿದ್ದೇನೆ. ಹುಡುಕಲಿಲ್ಲ, ಬೈಯಲಿಲ್ಲ. ನಾನು ತಟ್ಟೆಯನ್ನು ಮಾಳಿಗೆಗೆ ಒಯ್ದೆ. ಅಥಣಿಗೆ ಹೋದಾಗ ಅವರಿಗೆ ಬೇರೆ ಗಿಡ ತಂದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಮೂರು ವಾರ ಕಳೆದೆ. ಬಾಗಿಲಲ್ಲೇ ದಾಸವಾಳ ಇತ್ತು. ಅದರ ಒಂದು ಟೊಂಗೆ ಸಾಕಾಗುತ್ತಿತ್ತು. ಆಗ ಹೊಳೆಯಲಿಲ್ಲವೋ, ಹೊಳೆದರೂ ಕೊಂಬೆ ಉಳಿದ ಸಮಾಧಾನದಲ್ಲಿ ಸುಮ್ಮನಿದ್ದೆನೋ.

ಕೊನೆಗೆ ದಾಸವಾಳದ ಟೊಂಗೆ ಮುಂದಿಟ್ಟು ಕತ್ತರಿ ಕೊಟ್ಟೆ. ಅವರು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು.

“ಇದ ಯಾರದ್ರೀ? ಮಂದೀದ ಇದ್ರ ಕೊಟ್ಟ ಬರ್ರಿ.”

“ನಿಮ್ಮದರೀ ಮಾವಾರ.”

ಕೈಯಲ್ಲಿ ಇಟ್ಟೆ. ಬೆರಳಿಗೆ ಉಂಗುರ ಸಿಗಲಿಲ್ಲ. ಅಲಗಿನ ಕಡೆಯಿಂದ ಹಿಡಿದುಕೊಂಡು ಕೂತರು. ಗಾಯವಾದೀತೆಂದು ನಾನೇ ಮತ್ತೆ ತೆಗೆದುಕೊಂಡೆ. ಈ ಸಲ ಬೆರಳು ತಾವಾಗಿ ಬಿಟ್ಟವು. ಅದರಲ್ಲಿ ಅನುಮಾನವಿಲ್ಲ.

ಓಡಿಹೋಗಿ ಮಾಳಿಗೆಯಿಂದ ಗಿಡವನ್ನೇ ತಂದೆ. ಬಿಳಿ ಕೊಂಬೆ ಅವರ ಕಡೆ ಬರುವಂತೆ ತಟ್ಟೆ ತಿರುಗಿಸಿದೆ. “ಕಡೀರಿ, ಇದನ್ನ ಕಡೀರಿ ಮಾವಾರ,” ಎಂದೆ. ಬೇಡಿಕೊಂಡೆ ಎನ್ನಬೇಕು. ಏಕ, ದೋನ ಎಂದು ನಾನೇ ಎಣಿಸತೊಡಗಿದೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಎಲೆಯ ಬಿಳಿ ಅಂಚನ್ನು ತೋರುಬೆರಳಿನಿಂದ ಮುಟ್ಟಿದರು.

“ಚೆಂದ ಐತ್ರಿ. ಯಾರ ಬೆಳಸ್ಯಾರ?”

ಹನ್ನೊಂದು ವರ್ಷ ಅವರ ಬಾಯಿಂದ ಈ ಮಾತು ಕೇಳಲು ಕಾದಿದ್ದೆನೇನೋ. ನಾನು ನನ್ನ ಹೆಸರು ಹೇಳಲಿಲ್ಲ.

ಈಗ ಅತ್ತೆ, ಬಾಯಿ ತೆರೆಯಿರಿ ಎಂದು ಹೇಳಿ, ಅವರಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸುತ್ತಾರೆ. ಕೈಗಳು ತೊಡೆಯ ಮೇಲೆ ಇಟ್ಟಲ್ಲೇ ಇರುತ್ತವೆ. ಬಿಳಿ ಕೊಂಬೆ ಬದುಕಿದೆ. ನೋಡಿದವರೆಲ್ಲ ಮೊದಲು ಅದನ್ನೇ ಹೊಗಳುತ್ತಾರೆ, ನಾನು ನೀರು ಹಾಕುತ್ತೇನೆ.