ಯಾಕೆ ಬರಲಿಲ್ಲ ಎಂದು ಕೇಳಿದವರು

ಅವರ ಕನ್ನಡಕದ ಒಂದು ಕಡ್ಡಿ ಮುರಿದುಹೋಗಿ, ಆ ಜಾಗದಲ್ಲಿ ಕೆಂಪು ಉಲ್ಲನ್ ದಾರ ಕಿವಿಗೆ ಸುತ್ತಿಕೊಂಡಿತ್ತು. "ಲಾಕ್‌ಡೌನ್ ಮುಗಿಯೋವರೆಗೆ ಇದೇ ಗ್ರ್ಯಾಂಡ್, ಇಷ್ಟೇ ಸಾಕು" ಅನ್ನುತ್ತಿದ್ದರು.

ಐರ್ಲೆಂಡಿನ ಡ್ರೋಹೆಡಾ ಊರಿನ ಹೊರಗೆ ನಮ್ಮ ಪಕ್ಕದ ಮನೆಯಲ್ಲಿದ್ದ ಈ ನಿವೃತ್ತ ಟೀಚರಿಗೆ ಎಂಬತ್ತು ದಾಟಿತ್ತು. ತಾವು ಕಲಿಸಿದ ಹಳ್ಳಿ ಶಾಲೆ ಮುಚ್ಚಿದಾಗ, ಎಸೆಯಲಿದ್ದ ಹಳೆಯ ಹಾಜರಿ ಪುಸ್ತಕವೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದರು. ವಿಕ್ಟೋರಿಯಾ ರಾಣಿಯ ಕಾಲದ್ದು. ಮಧ್ಯಾಹ್ನ ಹಿತ್ತಲ ಗೋಡೆಯಾಚೆ ಕುರ್ಚಿ ಹಾಕಿಕೊಂಡು ನನಗೆ ಓದಿ ಹೇಳುತ್ತಿದ್ದರು. ಆಲೂಗಡ್ಡೆ ಅಗೆಯುವ ತಿಂಗಳಲ್ಲಿ ಅರ್ಧ ತರಗತಿ ಖಾಲಿ. ಒಬ್ಬಳಿಗೆ ಕೂಸು ನೋಡಿಕೊಳ್ಳುವ ಕೆಲಸ, ಇನ್ನೊಬ್ಬಳಿಗೆ ಬೂಟಿಲ್ಲ. ಜ್ವರ ಹಬ್ಬಿದ ಚಳಿಗಾಲದಲ್ಲಂತೂ ಪುಟದ ತುಂಬ ಗೈರುಹಾಜರಿಯ ಸೊನ್ನೆ. ಒಂದು ಹೆಸರಿಗೆ ಬಂದಾಗ ಮಾತ್ರ ಓದು ನಿಲ್ಲುತ್ತಿತ್ತು. "ಈ ಹುಡುಗಿ ಮತ್ತೆ ಬರಲೇ ಇಲ್ಲ. ಯಾಕೆ ಅಂತ ಯಾರೂ ಬರೆದಿಲ್ಲ ನೋಡು."

ನಾನು ಕೋವಿಡ್ ವಾರ್ಡಿನಲ್ಲಿ ನರ್ಸ್. ಗಂಡನಿಗೆ ಮಹಡಿಯಲ್ಲಿ ದಿನವಿಡೀ ಆಫೀಸ್ ಕಾಲ್. ಒಂಬತ್ತು ವರ್ಷದ ಮಗಳು ಎರಡು ವಾರದಿಂದ ಬೆಳಗಿನ ಆನ್‌ಲೈನ್ ಕ್ಲಾಸಿಗೆ ಕೂತೇ ಇಲ್ಲವೆಂದು ಶಾಲೆಯಿಂದ ಇಮೇಲ್ ಬಂದಾಗ ಸಿಟ್ಟು ನೆತ್ತಿಗೇರಿತು. ಹಿತ್ತಲಲ್ಲೇ ಬೈದೆ.

ಗೋಡೆಯಾಚೆಯಿಂದ ಟೀಚರ್ ಅಂದರು, "ಬೈದಿದ್ದಾಯ್ತು. ಯಾಕೆ ಅಂತ ಕೇಳಿದೆಯಾ?"

ಕೇಳಿರಲಿಲ್ಲ. ಅವರೇ ಕೇಳಿದರು.

ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ಅಮ್ಮನ ಕಾರು ವಾಪಸ್ ಬರುತ್ತಾ ಅಂತ ನಾನು ನೋಡ್ತಿರಬೇಕು. ಕ್ಲಾಸಲ್ಲಿ ಕೂತರೆ ಯಾರು ನೋಡ್ತಾರೆ?"

ಟೀಚರ್ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸರಿ, ರಸ್ತೆ ನಾನು ನೋಡ್ತೀನಿ. ನೀನು ಕ್ಲಾಸಿಗೆ ಹೋಗು" ಎಂದರು.

ಮರುದಿನದಿಂದ ಅವರ ಕುರ್ಚಿ ಮುಂಬಾಗಿಲಿಗೆ ಬಂತು. ಮೊಣಕಾಲ ಮೇಲೆ ಕಂಬಳಿ ಹೊದ್ದು, ಗಾಳಿಗೂ ಹನಿಗೂ ಜಗ್ಗದೆ ಕೂರುತ್ತಿದ್ದರು. ನೈಟ್ ಡ್ಯೂಟಿ ಮುಗಿಸಿ ನಾನು ಬರುವಾಗ ಹತ್ತಾಗುತ್ತಿತ್ತು. ತಿರುವಿನಲ್ಲಿ ಕಾರು ಕಂಡೊಡನೆ ಎದ್ದು ನಿಂತು, ನಮ್ಮ ಕಿಟಕಿಯತ್ತ "ಬಂದಳು" ಎಂದು ಕೂಗುತ್ತಿದ್ದರು. ಮಗಳು ಆಮೇಲೆ ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ.

ಮುಂದಿನ ಚಳಿಗಾಲ ಅವರಿಗೇ ಸೋಂಕು ತಗುಲಿತು. ನಮ್ಮ ಆಸ್ಪತ್ರೆಗೇ ಸೇರಿಸಿದರು. ಆ ವಾರ ನಾನೂ ಪಾಸಿಟಿವ್ ಆಗಿ ಮನೆಯಲ್ಲಿ ಬಂದಿಯಾಗಿದ್ದೆ. ನಾಲ್ಕನೆಯ ದಿನ ವಾರ್ಡಿನ ಗೆಳತಿ ಫೋನ್ ಮಾಡಿ, ಹೋಗಿಬಿಟ್ಟರು ಎಂದಳು.

ಗ್ಲೌಸ್ ತೊಟ್ಟು ಎಷ್ಟೋ ಅಪರಿಚಿತರ ಕೈಯನ್ನು ಕೊನೆಯುಸಿರಿನ ತನಕ ಹಿಡಿದು ಕೂತವಳು ನಾನು. ವರ್ಷವಿಡೀ ಎರಡು ಮೀಟರ್ ದೂರದಲ್ಲಿ ಮಾತಾಡಿದ ಅವರ ಕೈಯನ್ನು ಒಮ್ಮೆಯೂ ಮುಟ್ಟಲಿಲ್ಲ.