ಬೀಡಿಂಗ್ ಚೆಲುವಣ್ಣ

ಚೆಲುವಣ್ಣನವರ ಹೆಬ್ಬೆರಳುಗಳು ತಟ್ಟಿದ ಹಾಗೆ ಅಗಲವಾಗಿ, ಚಪ್ಪಟೆಯಾಗಿದ್ದವು. ಹೊಳೆನರಸೀಪುರದಲ್ಲಿ ಹಳೆಯ ಬಸ್ಸುಗಳ ಕಿಟಕಿ ಗಾಜಿನ ಸುತ್ತ ನೀರು ಸೋರದಂತೆ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒತ್ತಿ ಒತ್ತಿ ಗೆರೆಗಳೆಲ್ಲ ಸವೆದುಹೋಗಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಇಟ್ಟರೆ ಗುರುತೇ ಹತ್ತುತ್ತಿರಲಿಲ್ಲ. "ನಾನ್ಯಾರು ಅಂತ ಆ ಮಿಸನ್‌ಗೆ ಗೊತ್ತಾಗಾಕಿಲ್ಲ, ಬಸ್ಸಿಗ್ ಗೊತ್ತಾಯ್ತದೆ" ಎಂದು ನಗುತ್ತಿದ್ದರು.

ನಾನು ಹಳೇಕೋಟೆ ಕಡೆಯ ಸಣ್ಣ ಶಾಲೆಯೊಂದರಲ್ಲಿ ಟೀಚರ್. ಬೇರೆ ಯಾರೂ ಒಪ್ಪದ ಕಾರಣ ಶಾಲೆಯ ಹಳೇ ಬಸ್ಸಿನ ಉಸ್ತುವಾರಿ ನನ್ನ ತಲೆಗೆ ಬಂದಿತ್ತು. ಮಳೆ ಬಂದರೆ ಮಕ್ಕಳು ಬಸ್ಸಿನೊಳಗೇ ಕೊಡೆ ಬಿಚ್ಚಿ ಕೂರುತ್ತಿದ್ದರು. ಒಂದು ದಿನ ಒಬ್ಬ ತಾಯಿ ಬಂದು, "ಮಿಸ್, ನಮ್ ಪಾಪುಗೆ ಮನೇಲಿ ಒಂದ್ಸಲ, ನಿಮ್ ಬಸ್ಸಲ್ ಒಂದ್ಸಲ ಸ್ನಾನ ಆಯ್ತದೆ. ಇನ್ಮ್ಯಾಕೆ ಕಳ್ಸಾಕಿಲ್ಲ" ಅಂದರು. ಹೀಗೆ ಇನ್ನೂ ನಾಲ್ಕು ಮಂದಿ ಮಕ್ಕಳನ್ನು ಬಿಡಿಸಿದರೆ ಬಸ್ಸೇ ನಿಲ್ಲುತ್ತಿತ್ತು. ದೂರದ ಹಳ್ಳಿಯ ಹೆಣ್ಣುಮಕ್ಕಳು ಶಾಲೆಯನ್ನೇ ಬಿಡಬೇಕಾಗುತ್ತಿತ್ತು.

ಹೆಡ್‌ಮಾಸ್ಟರನ್ನೂ ಕೂರಿಸಿಕೊಂಡು ಬಸ್ಸನ್ನು ಚೆಲುವಣ್ಣನವರ ಹತ್ತಿರ ಒಯ್ದೆ. "ಮೇಲೆ ಒಂದಿಷ್ಟು ಗಮ್ ಬಳಿದುಬಿಡಿ, ಸಾಕು" ಎಂದರು ಹೆಡ್‌ಮಾಸ್ಟರು.

"ಅಲ್ಲಾ ಸಾ, ಅಲ್ಲು ಅಳ್ಳಾಡ್ತದೆ ಅಂತ ಬಾಯ್ಗೇ ಒಲ್ಗೆ ಆಕುಸ್ಕತೀರಾ?" ಎಂದರು ಚೆಲುವಣ್ಣ.

ಹೆಡ್‌ಮಾಸ್ಟರಿಗೆ ನಿಜಕ್ಕೂ ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಬಾಯಿ ಮುಚ್ಚಿಕೊಂಡರು.

ಎರಡು ದಿನ ಕೆಲಸ ನಡೆಯಿತು. ಒಣಗಿ ಸೀಳಿಹೋದ ರಬ್ಬರ್ ಕಿತ್ತು, ಚೌಕಟ್ಟಿನ ತುಕ್ಕು ಉಜ್ಜಿ, ಹೊಸ ರಬ್ಬರಿನ ಸಂದಿಯಲ್ಲಿ ದಾರ ಕೂರಿಸಿ, ಸೋಪಿನ ನೀರು ಸವರಿ ಮೆಲ್ಲಗೆ ದಾರ ಎಳೆಯುತ್ತಿದ್ದರು. ದಾರ ಈಚೆ ಬಂದ ಹಾಗೆ ರಬ್ಬರಿನ ಅಂಚು ಮಗುಚಿಕೊಂಡು ಚೌಕಟ್ಟನ್ನು ಕಚ್ಚುತ್ತಿತ್ತು. "ರಬ್ಬರ್‌ನ ಜಗ್ಗಿ ಕೂರಿಸ್ಬಾರ್ದು ಟೀಚ್ರಮ್ಮ. ಬಲವಂತಕ್ಕೆ ಕೂತೋರು ಸಮಯ ನೋಡ್ಕಂಡು ಎದ್ದೋಯ್ತಾರೆ."

ಕೊನೆಗೆ ಪರೀಕ್ಷೆ. ಒಂದು ಹನಿ ಬಿದ್ದರೂ ಕಾಣಲೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬರಲು ಮೊದಲೇ ಹೇಳಿದ್ದರು. ಒಂದೊಂದೇ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಹೊರಗಿನಿಂದ ಬಕೆಟ್‌ಗಟ್ಟಲೆ ನೀರು ಎರಚಿದರು. ಹನ್ನೊಂದನೆಯ ಕಿಟಕಿಯಲ್ಲಿ ಒಂದು ಹನಿ ನನ್ನ ಹೆಗಲಿಗೆ ಬಿತ್ತು. ಬೆಳಗಿನಿಂದ ನಿಂತೇ ಇರುವ ಮುದುಕರು, ಪಾಪ ಎಂದು, "ಏನೂ ಇಲ್ಲ ಚೆಲುವಣ್ಣ" ಅಂದೆ. ಅವರು ಒಳಗೆ ಬಂದು ನನ್ನ ಹೆಗಲು ನೋಡಿದರು.

"ಸುಳ್ ಏಳ್ಬ್ಯಾಡಿ ತಾಯಿ. ಇಲ್ಲಿ ಕೂರೋದು ನೀವಲ್ಲ, ಮಕ್ಳು."

ಪೂರ್ತಿ ಕಿತ್ತು ಮತ್ತೆ ಹಾಕಿದರು. ಮೇಷ್ಟರ ಕೈಗೆ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ನಾನು ಪಕ್ಕದಲ್ಲಿ ನಿಂತಿದ್ದೆ.

ಮುಂದಿನ ಮಳೆಗೆ ಬಸ್ಸಿನಲ್ಲಿ ಒಂದು ಕೊಡೆಯೂ ಬಿಚ್ಚಿಕೊಳ್ಳಲಿಲ್ಲ. ಆ ತಾಯಿ ಮಗುವನ್ನು ಮತ್ತೆ ಕಳಿಸಿದರು. "ಈಗ ಮಜಾನೇ ಇಲ್ಲ ಮಿಸ್" ಎಂದು ದೂರಿದ್ದೂ ಆ ಮಗುವೇ.

ಚೆಲುವಣ್ಣನವರನ್ನು ಕೊನೆಯ ಸಲ ಕಂಡದ್ದು ಅವರು ತೀರಿಕೊಳ್ಳುವುದಕ್ಕೆ ಎರಡು ತಿಂಗಳು ಮುಂಚೆ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ. ಕೆಲಸ ಬಿಟ್ಟಿದ್ದರು. ಶಾಂತಿಗ್ರಾಮದ ಮಗಳ ಮನೆಗೆ ಹೊರಟವರು ಕಿಟಕಿಗೆ ಮುಖ ಒತ್ತಿ ತೆಂಗಿನ ತೋಟ, ಕೆರೆ, ಎಮ್ಮೆ ನೋಡುತ್ತಾ ಕೂತಿದ್ದರು. "ಇಷ್ಟು ವರ್ಸ ಬರೀ ಗಾಜಿನ ಅಂಚೇ ನೋಡ್ದೆ ಕಣಮ್ಮ" ಅಂದರು. ಮಾತು ಮಾತಿನಲ್ಲಿ ಶಾಂತಿಗ್ರಾಮ ದಾಟಿಹೋಗಿತ್ತು, ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಗಾಬರಿಯಿಂದ ಎದ್ದರೆ, "ಕೂತ್ಕಳಿ, ಆಸನದ ಪ್ಯಾಟೆ ನೋಡ್ಕಂಡೇ ಬತ್ತೀನಿ" ಎಂದರು.

ಹಾಸನದಲ್ಲಿ ಅವರನ್ನು ವಾಪಸ್ ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಕೂತಿದ್ದ ಒಬ್ಬರಿಗೆ ಅವರು ಕೈಮುಗಿದು ಕೇಳುತ್ತಿದ್ದರು: "ವಸಿ ಈ ಕಡೆ ಬತ್ತೀರಾ ಸಾ? ರೋಡಿನ ಆ ಪಕ್ಕ ಇನ್ನೂ ನೋಡಿಲ್ಲ."